ಪಾವಗಡದ ಗಡಿ ಹೀಗೇಕಿದೆ? ಹಳೆಯ ನಕ್ಷೆಗಳಲ್ಲಿ ಮೈಸೂರು ಸೀಮೆಯ ಎಲ್ಲೆ

ನಿಡುಗಲ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ತುಮಕೂರು ಜಿಲ್ಲೆಯ ನಕ್ಷೆಯನ್ನು ನೋಡಿದವರಿಗೆ ಪಾವಗಡ ತಾಲ್ಲೂಕಿನ ಆಕಾರ ವಿಚಿತ್ರವಾಗಿ ಕಾಣದೆ ಇರದು. ಜಿಲ್ಲೆಯ ಉಳಿದ ತಾಲ್ಲೂಕುಗಳಿಂದ ಅದು ಬೇರ್ಪಟ್ಟು ನಿಂತಿದೆ. ಸುತ್ತಲೂ ಬಹುಪಾಲು ಆಂಧ್ರಪ್ರದೇಶ, ಒಂದು ಕಡೆ ಮಾತ್ರ ಚಿತ್ರದುರ್ಗ ಜಿಲ್ಲೆ. ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ನಡುವೆ ಆಂಧ್ರದ ಮಡಕಶಿರಾ ಕಡೆಯ ನೆಲವನ್ನು ಹಾದು ಮತ್ತೆ ಕರ್ನಾಟಕವನ್ನು ಸೇರುತ್ತದೆ. ಹೀಗೇಕೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ, 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಹೀಗಾಯಿತು ಎಂಬ ಉತ್ತರ ಬರುತ್ತದೆ.

ಆದರೆ ಗ್ರಂಥಾಲಯಗಳು ಅಂತರ್ಜಾಲದಲ್ಲಿ ಹಾಕಿರುವ ಹಳೆಯ ನಕ್ಷೆಗಳನ್ನು ಇತ್ತೀಚೆಗೆ ಒಂದೊಂದಾಗಿ ನೋಡುತ್ತ ಬಂದ ಮೇಲೆ ಆ ಉತ್ತರದಲ್ಲಿ ನನಗೆ ನಂಬಿಕೆ ಉಳಿದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೈಸೂರು ನಕ್ಷೆಗಳಲ್ಲಿ ಇದೇ ಮುಂಚಾಚು ಆಗಲೇ ಕಾಣುತ್ತದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಮತ್ತು ಇಂಗ್ಲಿಷ್ ನಕ್ಷೆಗಳಲ್ಲಿ ಮಾತ್ರ ಇದರ ಸುಳಿವೇ ಇಲ್ಲ. ಅಂದರೆ ಈ ಎರಡರ ನಡುವಿನ ಯಾವುದೋ ಗಳಿಗೆಯಲ್ಲಿ ಈ ಗೆರೆ ಹುಟ್ಟಿರಬೇಕು.

ನನ್ನ ಪ್ರಶ್ನೆಗಳು ಇವು. ಈ ಗಡಿಯನ್ನು ಎಳೆದವರು ಯಾರು, ಯಾವ ಆಧಾರದ ಮೇಲೆ? ಅದಕ್ಕೆ ಮೊದಲು ಇಲ್ಲಿ ಗಡಿ ಎಂಬುದು ಇರಲೇ ಇಲ್ಲವೇ, ಅಥವಾ ಇದ್ದದ್ದು ನಕ್ಷೆಗೆ ಬರಲಿಲ್ಲವೇ? ಹಳೆಯ ನಕ್ಷೆಯಲ್ಲಿ ಬಣ್ಣ ಬಳಿದು ತೋರಿಸಿರುವ ಪ್ರದೇಶವನ್ನು ಒಂದು ರಾಜ್ಯದ ನಿಜವಾದ ವ್ಯಾಪ್ತಿ ಎಂದು ಎಷ್ಟರ ಮಟ್ಟಿಗೆ ನಂಬಬಹುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಹಳೆದಫ್ತರು (ಉತ್ತರ)

ನಿಡುಗಲ್ಲು ಅವರೇ, ನಿಮ್ಮ ಸಂದೇಹಕ್ಕೆ ಬಲವಾದ ಆಧಾರವಿದೆ. ಆ ಆಕಾರ ಹುಟ್ಟಿದ್ದು 1799ರಲ್ಲಿ, ಮತ್ತು ಅದು ಹುಟ್ಟಿದ್ದು ನಕ್ಷೆಯ ಮೇಲಲ್ಲ, ಲೆಕ್ಕದ ಪಟ್ಟಿಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಅವನ ರಾಜ್ಯವನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಂದು ಆಯೋಗವನ್ನು ನೇಮಿಸಿದ. ಜನರಲ್ ಹ್ಯಾರಿಸ್, ಆರ್ಥರ್ ವೆಲ್ಲೆಸ್ಲಿ, ಬ್ಯಾರಿ ಕ್ಲೋಸ್ ಮೊದಲಾದವರು ಅದರಲ್ಲಿದ್ದರು. ಥಾಮಸ್ ಮನ್ರೋ ಮತ್ತು ಜಾನ್ ಮಾಲ್ಕಮ್ ಅದರ ಕಾರ್ಯದರ್ಶಿಗಳು. ಜೂನ್ 22ರಂದು ಕಂಪನಿಗೂ ಹೈದರಾಬಾದಿನ ನಿಜಾಮನಿಗೂ ನಡುವೆ ಹಂಚಿಕೆಯ ಒಪ್ಪಂದವಾಯಿತು. ಜುಲೈ 8ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಜೊತೆ ಸಹಾಯಕ ಸೈನ್ಯದ ಒಪ್ಪಂದವಾಯಿತು. ನಾವು ಇವತ್ತು ಹಳೇ ಮೈಸೂರು ಎಂದು ಕರೆಯುವ ಪ್ರದೇಶದ ಹೊರಮೈ ಸಿದ್ಧವಾದದ್ದು ಈ ಕೆಲವೇ ವಾರಗಳಲ್ಲಿ.

ಒಪ್ಪಂದಕ್ಕೆ ಪಟ್ಟಿಗಳನ್ನು ಲಗತ್ತಿಸಲಾಗಿತ್ತು: ಕಂಪನಿಯ ಪಾಲು, ನಿಜಾಮನ ಪಾಲು, ಮೈಸೂರು ರಾಜರ ಪಾಲು, ಪೇಶ್ವೆಗೆಂದು ಎತ್ತಿಟ್ಟ ಪಾಲು. ಪಟ್ಟಿಯಲ್ಲಿರುವುದು ತಾಲ್ಲೂಕುಗಳ ಹೆಸರು ಮತ್ತು ಪ್ರತಿಯೊಂದರ ಎದುರಿಗೆ ಅದರ ಹುಟ್ಟುವಳಿಯ ಮೊತ್ತ. ಆ ಮೊತ್ತಗಳಿಗೆ ಆಧಾರ 1792ರ ಶ್ರೀರಂಗಪಟ್ಟಣದ ಒಪ್ಪಂದದ ಕಾಲಕ್ಕೆ ಸಿದ್ಧವಾಗಿದ್ದ ಲೆಕ್ಕ. ಆಗ ಟಿಪ್ಪು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಡಬೇಕಾಗಿ ಬಂದಾಗಲೂ ಅರ್ಧ ಎಂದರೆ ಹುಟ್ಟುವಳಿಯ ಅರ್ಧವೇ ಹೊರತು ಚದರ ಮೈಲಿಗಳ ಅರ್ಧವಲ್ಲ.

1799ರ ಅಂಕಿಗಳನ್ನು ನೋಡಿದರೆ ಹಂಚಿದವರ ಮನಸ್ಸು ತಿಳಿಯುತ್ತದೆ. ರಾಜರ ಪಾಲಿಗೆ 13,74,076 ಕಂಠೀರಾಯಿ ವರಹದ ಸೀಮೆ ಬಂತು. ಕಂಪನಿಗೆ 7,77,170 ವರಹ. ಅದರಲ್ಲಿ ಹೈದರ್ ಮತ್ತು ಟಿಪ್ಪು ಕುಟುಂಬಗಳ ನಿರ್ವಹಣೆಗೆ 2,40,000 ಕಳೆದರೆ ಉಳಿಯುವುದು 5,37,170. ನಿಜಾಮನಿಗೆ 6,07,332 ವರಹ. ಅದರಲ್ಲಿ ಟಿಪ್ಪುವಿನ ಸೇನಾನಿಯಾಗಿದ್ದ ಕಮರುದ್ದೀನ್ ಖಾನನ ಜಾಗೀರಿಗೆ 70,000 ಕಳೆದರೆ ಉಳಿಯುವುದು 5,37,332. ಎರಡು ಮಿತ್ರಶಕ್ತಿಗಳ ಪಾಲಿನ ನಡುವಿನ ವ್ಯತ್ಯಾಸ ಕೇವಲ 162 ವರಹ! ಇಷ್ಟು ಸಮನಾಗಿ ತೂಗಬೇಕಾದರೆ ಒಂದು ತಾಲ್ಲೂಕನ್ನು ಈ ಪಟ್ಟಿಗೆ, ಇನ್ನೊಂದನ್ನು ಆ ಪಟ್ಟಿಗೆ ಸೇರಿಸುತ್ತ, ತೆಗೆಯುತ್ತ ಹೊಂದಿಸಲೇಬೇಕು. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಕಂಠೀರಾಯಿ ಹಣ ನಿಜವಾಗಿ ಚಲಾವಣೆಯಲ್ಲಿದ್ದ ನಾಣ್ಯ, ಆದರೆ ಹತ್ತು ಹಣಕ್ಕೆ ಒಂದು ಎಂಬ ಕಂಠೀರಾಯಿ ವರಹ ಲೆಕ್ಕದಲ್ಲಿ ಮಾತ್ರ ಇದ್ದದ್ದು. ನಮ್ಮ ಗಡಿಯನ್ನು ಅಳೆದದ್ದು ಟಂಕಸಾಲೆಯಿಂದ ಹೊರಬರದ ಒಂದು ನಾಣ್ಯದಿಂದ.

ಆದಾಯದ ಜೊತೆಗೆ ಸೈನ್ಯದ ಲೆಕ್ಕಾಚಾರವೂ ಇತ್ತು. ಕನ್ನಡ ಕರಾವಳಿ, ವಯನಾಡು, ಕೊಯಮತ್ತೂರು, ಹೊಸೂರು ಸೀಮೆ ಮತ್ತು ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತಾನಿಟ್ಟುಕೊಂಡಿತು. ಹೀಗಾಗಿ ಮೈಸೂರು ರಾಜ್ಯಕ್ಕೆ ಸಮುದ್ರದ ಬಾಗಿಲು ಒಂದೂ ಉಳಿಯಲಿಲ್ಲ, ಘಟ್ಟದ ಕೆಳಗಿನ ನೆಲವೆಲ್ಲ ಕೈತಪ್ಪಿತು. ಈಶಾನ್ಯದ ಕಡೆ ಗುತ್ತಿ, ಗುರ್ರಂಕೊಂಡ, ರಾಯದುರ್ಗ, ಪೆನುಕೊಂಡ, ಮಡಕಶಿರಾ ಸೀಮೆಗಳು ನಿಜಾಮನ ಪಾಲಿಗೆ ಹೋದವು. ಪಾವಗಡ ಮೈಸೂರಿನಲ್ಲಿ ಉಳಿಯಿತು. ನೀವು ಕೇಳಿದ ಮುಂಚಾಚಿನ ಹುಟ್ಟು ಇದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ತನ್ನ ರಾಜ್ಯದಲ್ಲಿ ನೆಲೆಗೊಳಿಸಿದ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ನಿಜಾಮನು 1792 ಮತ್ತು 1799ರಲ್ಲಿ ತನಗೆ ಬಂದಿದ್ದ ಸೀಮೆಗಳನ್ನೆಲ್ಲ 1800ರ ಅಕ್ಟೋಬರ್‌ನಲ್ಲಿ ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಕಡೆಯ ದತ್ತ ಮಂಡಲ ಎಂದರೆ ಇವೇ. ಅವುಗಳ ಪ್ರಧಾನ ಕಲೆಕ್ಟರ್ ಆಗಿ 1807ರವರೆಗೆ ಇದ್ದವನು ಥಾಮಸ್ ಮನ್ರೋ, ಹಂಚಿಕೆಯ ಆಯೋಗದ ಕಾರ್ಯದರ್ಶಿಯಾಗಿದ್ದ ಅದೇ ಮನ್ರೋ. ಪೇಶ್ವೆ ತನಗಿಟ್ಟ ಪಾಲನ್ನು ಒಪ್ಪಲಿಲ್ಲವಾದ್ದರಿಂದ ಅದೂ ಕಂಪನಿ ಮತ್ತು ನಿಜಾಮನ ನಡುವೆ ಹಂಚಿಹೋಯಿತು. ಹೊಳಲ್ಕೆರೆ, ಹರಿಹರಗಳಂತಹ ಸೀಮೆಗಳು 1803ರಲ್ಲಿ ಆದ ಅದಲುಬದಲಿನಲ್ಲಿ ಮೈಸೂರಿಗೆ ಬಂದವು. ಮಡಕಶಿರಾ ಮದ್ರಾಸ್ ಪ್ರಾಂತ್ಯವಾಯಿತು, ಪಾವಗಡ ಮೈಸೂರು ಸಂಸ್ಥಾನವಾಗಿಯೇ ಇತ್ತು. 1956ರಲ್ಲಿ ಆ ಗೆರೆಯನ್ನು ಅಲ್ಲಿ ಯಾರೂ ಹೊಸದಾಗಿ ಎಳೆಯಲಿಲ್ಲ.

ಹೇಮಾವತಿ (ಉತ್ತರ)

ಹಳೆದಫ್ತರು ಅವರು 1799ರ ವಿಷಯವನ್ನು ಸ್ಪಷ್ಟವಾಗಿ ತಿಳಿಸಿದ್ದಾರೆ. ನಿಡುಗಲ್ಲು ಅವರ ಎರಡನೆಯ ಪ್ರಶ್ನೆಗೆ, ಅಂದರೆ ಅದಕ್ಕೆ ಮೊದಲು ಗಡಿ ಇರಲಿಲ್ಲವೇ ಎಂಬುದಕ್ಕೆ, ಶಾಸನಗಳ ಕಡೆಯಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ.

ಗಡಿ ಇತ್ತು, ಬಹಳ ನಿಖರವಾಗಿಯೇ ಇತ್ತು. ಆದರೆ ಅದು ಇದ್ದದ್ದು ಊರಿನ ಮಟ್ಟದಲ್ಲಿ. ದಾನಶಾಸನಗಳನ್ನು ಓದಿದವರಿಗೆ ಚತುಸ್ಸೀಮೆಯ ವಿವರಣೆ ಪರಿಚಿತವಾದದ್ದೇ. ಮೂಡಣ ದಿಕ್ಕಿಗೆ ಇಂಥ ಕೆರೆಯ ಕೋಡಿ, ತೆಂಕಣಕ್ಕೆ ಇಂಥ ಹುತ್ತ, ಪಡುವಣಕ್ಕೆ ಇಂಥ ಆಲದ ಮರ, ಬಡಗಣಕ್ಕೆ ನೆಟ್ಟ ಕಲ್ಲು ಎಂದು ಒಂದು ಸುತ್ತು ಬರುವ ಆ ಸಾಲುಗಳೇ ಆ ಕಾಲದ ನಕ್ಷೆ. ವಾಮನ ಮುದ್ರೆಯ ಕಲ್ಲುಗಳು, ಲಿಂಗಮುದ್ರೆಯ ಕಲ್ಲುಗಳು ಇಂದಿಗೂ ಎಷ್ಟೋ ಹೊಲಗಳ ಬದುವಿನಲ್ಲಿ ನಿಂತಿವೆ. ಗಡಿಯನ್ನು ಮೀರಿದವನಿಗೆ ಶಾಪವೂ ಅದೇ ಶಾಸನದ ಕೊನೆಯಲ್ಲಿರುತ್ತದೆ.

ಊರಿಗಿಂತ ಮೇಲಿನ ಮಟ್ಟಕ್ಕೆ ಹೋದಂತೆ ಗೆರೆ ಮಸುಕಾಗುತ್ತದೆ. ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000, ಸಾಂತಳಿಗೆ 1000, ಬೆಳ್ವೊಲ 300, ಪುಲಿಗೆರೆ 300 ಎಂಬ ಹೆಸರುಗಳನ್ನು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಆ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಆದಾಯದ ಲೆಕ್ಕವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಇತಿಹಾಸದ ಪುಸ್ತಕಗಳಲ್ಲಿ ನೊಳಂಬವಾಡಿಯ ಸುತ್ತ ಎಳೆದಿರುವ ಗೆರೆಯನ್ನು ಹೇಗೆ ಎಳೆಯುತ್ತಾರೆ ಎಂಬುದನ್ನು ಯೋಚಿಸಿ: ಯಾವ ಯಾವ ಊರಿನ ಶಾಸನಗಳಲ್ಲಿ ನೊಳಂಬವಾಡಿಯ ಹೆಸರು ಬಂದಿದೆಯೋ ಆ ಊರುಗಳನ್ನು ಗುರುತಿಸಿ, ಹೊರಗಿನ ಚುಕ್ಕಿಗಳನ್ನು ಕೂಡಿಸುತ್ತಾರೆ. ಅದು ಇಂದಿನ ಸಂಶೋಧಕರು ಎಳೆದ ಗೆರೆ. ನೊಳಂಬ ಅರಸರು ಅಂಥ ಒಂದು ಗೆರೆಯನ್ನು ಕಲ್ಪಿಸಿಕೊಂಡಿದ್ದರು ಎನ್ನಲು ಆಧಾರವಿಲ್ಲ.

ನಿಮ್ಮ ಪಾವಗಡಕ್ಕೇ ಈ ಮಾತನ್ನು ಅನ್ವಯಿಸೋಣ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇರುವುದು ಮಡಕಶಿರಾ ಕಡೆ, ಆಂಧ್ರಪ್ರದೇಶದಲ್ಲಿ. ಅಲ್ಲಿನ ದೇವಾಲಯಗಳ ಕಂಬಗಳೂ ಅಲ್ಲಿ ಸಿಕ್ಕಿರುವ ಕನ್ನಡ ಶಾಸನಗಳೂ ಆ ಸೀಮೆಯ ಹಿಂದಿನ ಬದುಕನ್ನು ಹೇಳುತ್ತವೆ. ನೊಳಂಬವಾಡಿ ಎಂಬ ನಾಡು ಇಂದಿನ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಅನಂತಪುರ, ಕೋಲಾರ ಕಡೆಗಳಲ್ಲಿ ಹರಡಿತ್ತು. ಆ ನಾಡಿನ ಹೃದಯಭಾಗದ ನಡುವೆಯೇ 1799ರ ಗೆರೆ ಹಾದುಹೋಗಿದೆ.

ಇನ್ನೂ ಹತ್ತಿರದ ಕಾಲಕ್ಕೆ ಬಂದರೆ ಶಿರಾ ಸುಬಾ, ಅಂದರೆ ಮೊಗಲರ ಶಿರಾ ಪ್ರಾಂತ್ಯ, ಇದೆ. ಮೊಗಲರು 1687ರಲ್ಲಿ ಶಿರಾವನ್ನು ಕೇಂದ್ರವಾಗಿ ಮಾಡಿಕೊಂಡು ಕಟ್ಟಿದ ಆಡಳಿತದಲ್ಲಿ ಶಿರಾ, ಬೂದಿಹಾಳು, ಬಸವಾಪಟ್ಟಣ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳಿದ್ದವು. ಅಂದರೆ ಇಂದು ಆಂಧ್ರದಲ್ಲಿರುವ ಪೆನುಕೊಂಡವೂ ಕರ್ನಾಟಕದಲ್ಲಿರುವ ಶಿರಾವೂ ಒಂದೇ ಸುಬೇದಾರನ ಕೈಕೆಳಗಿದ್ದವು. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರುಗಳನ್ನು ಅದೇ ಸುಬಾಕ್ಕೆ ಕಪ್ಪ ಕೊಡುವ ಸಂಸ್ಥಾನಗಳೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗಿತ್ತು. ಆದರೆ ಬಿದನೂರಿನ ನಾಯಕರೂ ಮೈಸೂರಿನ ಒಡೆಯರೂ ತಮ್ಮನ್ನು ಸ್ವತಂತ್ರ ಅರಸರೆಂದೇ ತಿಳಿದಿದ್ದರು. ಅದರ ಮೇಲೆ ಮರಾಠರ ಚೌಥಾಯಿ (ಆದಾಯದ ಕಾಲುಭಾಗದ ಕಪ್ಪ) ವಸೂಲಿ ಬೇರೆ. ಒಂದೇ ಪಾಳೆಯಪಟ್ಟಿನ ಮೇಲೆ ಎರಡು ಮೂರು ಶಕ್ತಿಗಳಿಗೆ ಹಕ್ಕಿದ್ದ ಕಾಲದಲ್ಲಿ, ನಕ್ಷೆ ತಯಾರಿಸುವವನು ಯಾವ ಬಣ್ಣ ಬಳಿಯಬೇಕು? ಒಂದು ನೆಲಕ್ಕೆ ಒಂದೇ ಬಣ್ಣ ಎಂಬ ನಿಯಮವೇ ಆ ಕಾಲದ ರಾಜ್ಯವ್ಯವಸ್ಥೆಗೆ ಒಗ್ಗುವಂಥದ್ದಲ್ಲ. ಹದಿನೆಂಟನೆಯ ಶತಮಾನದ ನಕ್ಷೆಗಳನ್ನು ನೋಡುವಾಗ ಈ ಮಾತನ್ನು ಸದಾ ನೆನಪಿನಲ್ಲಿಡಬೇಕು ಎಂದು ನನ್ನ ದೃಢವಾದ ಅಭಿಪ್ರಾಯ.

ಬಾಂದುಕಲ್ಲು (ಉತ್ತರ)

ನಾನು ಭೂಮಾಪನದ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ನಕ್ಷೆ ಹೇಗೆ ತಯಾರಾಗುತ್ತಿತ್ತು ಎಂಬ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನಿಡುಗಲ್ಲು ಅವರ ಮೂರನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಮೊದಲಿಗೆ, 1799ಕ್ಕಿಂತ ಹಿಂದಿನ ಮುದ್ರಿತ ನಕ್ಷೆಗಳನ್ನು ತಯಾರಿಸಿದವರಲ್ಲಿ ಬಹುಪಾಲು ಜನ ನಮ್ಮ ಒಳನಾಡನ್ನು ಕಂಡವರಲ್ಲ. ಹದಿನಾರು ಮತ್ತು ಹದಿನೇಳನೆಯ ಶತಮಾನದ ಯೂರೋಪಿನ ನಕ್ಷೆಗಳಲ್ಲಿ ವಿಜಯನಗರವನ್ನು ನರಸಿಂಗ ರಾಜ್ಯ ಎಂದು ತೋರಿಸುತ್ತಿದ್ದರು. 1565ರ ತಾಳಿಕೋಟೆ ಯುದ್ಧದ ನಂತರವೂ ಎಷ್ಟೋ ದಶಕ ಅದೇ ಹೆಸರು ನಕ್ಷೆಯಿಂದ ನಕ್ಷೆಗೆ ನಕಲಾಗುತ್ತ ಬಂತು. ಹಂಪಿ ಹಾಳಾಗಿ ಎರಡು ತಲೆಮಾರು ಕಳೆದಿದ್ದರೂ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಹಾಳೆಯಲ್ಲಿ ಆ ರಾಜ್ಯ ಬಾಳುತ್ತಲೇ ಇತ್ತು. 1723ರಲ್ಲಿ ಫ್ರಾನ್ಸಿನ ಗಿಯೋಮ್ ದೆಲಿಲ್ ಮಾಡಿದ ಮಲಬಾರ್ ಮತ್ತು ಕೋರಮಂಡಲ ತೀರಗಳ ನಕ್ಷೆಯನ್ನು ನೋಡಿ. ಹಡಗಿನವರು ಕಂಡ ಕರಾವಳಿಯಲ್ಲಿ ಊರುಗಳ ಹೆಸರು ಒತ್ತೊತ್ತಾಗಿದ್ದರೆ, ಒಳನಾಡಿನಲ್ಲಿ ಅಂಥ ದಟ್ಟಣೆ ಇಲ್ಲ.

ಜೇಮ್ಸ್ ರೆನ್ನೆಲ್ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದವನು. 1780ರ ದಶಕದಲ್ಲಿ ಅವನು ಪ್ರಕಟಿಸಿದ ಇಡೀ ಹಿಂದೂಸ್ಥಾನದ ನಕ್ಷೆಗೆ ಅಕ್ಬರನ ಕಾಲದ ಸುಬಾಗಳ ವಿಭಾಗವನ್ನೇ ಆಧಾರವಾಗಿ ಇಟ್ಟುಕೊಂಡ, ಏಕೆಂದರೆ ಅವನ ದೃಷ್ಟಿಯಲ್ಲಿ ಅದೇ ಹೆಚ್ಚು ಸ್ಥಿರವಾದ ವಿಭಾಗವಾಗಿತ್ತು. ಎರಡು ಶತಮಾನಗಳಷ್ಟು ಹಳೆಯ ಆಡಳಿತದ ಚೌಕಟ್ಟಿನ ಮೇಲೆ ತನ್ನ ಕಾಲದ ರಾಜ್ಯಗಳನ್ನು ಬಣ್ಣದಿಂದ ತೋರಿಸಿದ. 1792ರ ಒಪ್ಪಂದವಾದ ಮೇಲೆ ದಕ್ಷಿಣ ಪರ್ಯಾಯ ದ್ವೀಪಕ್ಕೇ ಒಂದು ಹೊಸ ನಕ್ಷೆಯನ್ನು ತಂದು, ಆ ಹಂಚಿಕೆಗೆ ತಕ್ಕಂತೆ ಎಲ್ಲೆಗಳನ್ನು ತೋರಿಸಿದ. ಆ ನಕ್ಷೆಯ ಒಳನಾಡಿನ ವಿವರಗಳಿಗೆ ಮುಖ್ಯ ಮೂಲ 1790 ಮತ್ತು 1791ರಲ್ಲಿ ಸೈನ್ಯಗಳು ನಡೆದ ದಾರಿಗಳ ಅಳತೆ. ಸೈನ್ಯ ನಡೆದ ದಾರಿಯ ಎರಡೂ ಮಗ್ಗುಲಿನ ಊರುಗಳು ಇವೆ, ದಾರಿಯಿಂದ ದೂರದಲ್ಲಿದ್ದ ಊರುಗಳು ಇಲ್ಲ.

ಇನ್ನು ಬಣ್ಣ. ಈ ನಕ್ಷೆಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಕಪ್ಪು ಶಾಯಿಯಲ್ಲಿ ಮುದ್ರಿಸುತ್ತಿದ್ದರು. ಬಣ್ಣವನ್ನು ಆಮೇಲೆ ಕುಂಚ ಹಿಡಿದು ಕೈಯಲ್ಲಿ ಬಳಿಯುತ್ತಿದ್ದರು. ಆದ್ದರಿಂದ ಒಂದೇ ತಗಡಿನಿಂದ ಬಂದ ಎರಡು ಪ್ರತಿಗಳಲ್ಲಿ ಎಲ್ಲೆ ಬೇರೆ ಬೇರೆಯಾಗಿ ಕಾಣುವುದುಂಟು. ಹಳೆಯ ತಗಡಿನ ಪ್ರತಿಗೆ ಹೊಸ ಒಪ್ಪಂದದ ಬಣ್ಣ ಬಳಿದು ಮಾರಿದ್ದೂ ಉಂಟು. ನೀವು ಅಂತರ್ಜಾಲದಲ್ಲಿ ನೋಡಿದ ನಕ್ಷೆಯ ಅಡಿಯಲ್ಲಿ ಮುದ್ರಿತವಾಗಿರುವ ವರ್ಷ ತಗಡಿನ ವರ್ಷ. ಬಣ್ಣದ ವರ್ಷ ಅದೇ ಆಗಿರಬೇಕೆಂದಿಲ್ಲ. ಸಾಧ್ಯವಾದರೆ ಒಂದೇ ನಕ್ಷೆಯ ಎರಡು ಮೂರು ಗ್ರಂಥಾಲಯಗಳ ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

ನೆಲದ ಮೇಲೆ ಅಳತೆ ಮಾಡಿ ತಯಾರಿಸಿದ ಮೈಸೂರು ನಕ್ಷೆ ಬಂದದ್ದು ಕಾಲಿನ್ ಮೆಕೆಂಝಿಯಿಂದ. ಹಂಚಿಕೆ ಮುಗಿದ ಮೇಲೆ ಅವನಿಗೆ ಮೈಸೂರು ಸರ್ವೆಯನ್ನು ಒಪ್ಪಿಸಲಾಯಿತು. ಸುಮಾರು 40,000 ಚದರ ಮೈಲಿಗಳ ಆ ಕೆಲಸ 1808ರ ಸುಮಾರಿನವರೆಗೆ ನಡೆಯಿತು. ರಾಜರ ಸೀಮೆಯ ಎಲ್ಲೆ ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದನ್ನು ಗುರುತಿಸುವುದು ಆ ಸರ್ವೆಯ ಮೊದಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಈ ಅನುಕ್ರಮವನ್ನು ಗಮನಿಸಬೇಕು. ಪಟ್ಟಿಯಲ್ಲಿ ತಾಲ್ಲೂಕಿನ ಹೆಸರಿದೆ, ಆದರೆ ಆ ತಾಲ್ಲೂಕಿನ ಕೊನೆಯ ಹಳ್ಳಿ ಯಾವುದು, ಆ ಹಳ್ಳಿಯ ಹೊಲ ಎಲ್ಲಿ ಮುಗಿಯುತ್ತದೆ ಎಂಬುದು ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಊರಿನ ಶಾನುಭೋಗನಿಗೆ, ಪಟೇಲನಿಗೆ, ಅವರ ಕಡತಕ್ಕೆ. ಹೇಮಾವತಿ ಅವರು ಹೇಳಿದ ಊರಮಟ್ಟದ ಆ ಹಳೆಯ ಎಲ್ಲೆಯೇ ಇಲ್ಲಿ ಕೆಲಸಕ್ಕೆ ಬಂದದ್ದು. 1799ರ ಗಡಿ ಎಂದು ನಾವು ಕರೆಯುವ ಗೆರೆ, ಹತ್ತಿರ ಹೋಗಿ ನೋಡಿದರೆ, ನೂರಾರು ಹಳ್ಳಿಗಳ ಹಳೆಯ ಎಲ್ಲೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಸಾಲು. ದೂರದಿಂದ ನೋಡಿದಾಗ ಮಾತ್ರ ಅದು ಕಂಪನಿಯ ಗೆರೆ.

ಮೆಕೆಂಝಿಯ ಜೊತೆ ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಬಲ್ಲ ಜೈನ ಪಂಡಿತ ಧರ್ಮಯ್ಯ ಮೊದಲಾದವರು ದುಡಿದರು. ಊರೂರಿನ ಕೈಫಿಯತ್ತುಗಳನ್ನು, ಅಂದರೆ ಊರಿನವರು ಹೇಳಿದ ಸ್ಥಳೀಯ ಇತಿಹಾಸದ ವರದಿಗಳನ್ನು, ಬರೆಸಿಕೊಂಡು, ಶಾಸನಗಳನ್ನು ನಕಲು ಮಾಡಿಕೊಂಡು ಅವರು ಕೂಡಿಹಾಕಿದ ಸಂಗ್ರಹ ಇಂದು ನಮ್ಮ ಪ್ರಾದೇಶಿಕ ಇತಿಹಾಸಕ್ಕೆ ದೊಡ್ಡ ಆಸರೆ. ಯಾವ ಪಾಳೆಯಗಾರ ಯಾವ ಯಾವ ಊರನ್ನು ಯಾವಾಗ ಕಟ್ಟಿಕೊಂಡ, ಯಾರಿಗೆ ಎಷ್ಟು ಕಪ್ಪ ಕೊಟ್ಟ ಎಂಬ ವಿವರ ನಕ್ಷೆಯಲ್ಲಿ ಸಿಗುವುದಿಲ್ಲ, ಕೈಫಿಯತ್ತಿನಲ್ಲಿ ಸಿಗುತ್ತದೆ. ನಕ್ಷೆಯನ್ನು ಮಾತ್ರ ನೋಡಿ ಕೈಫಿಯತ್ತನ್ನು ಬಿಟ್ಟವರಿಗೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ಅದೇ ವರ್ಷಗಳಲ್ಲಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ, 1802ರಲ್ಲಿ ಮದ್ರಾಸಿನಲ್ಲಿ ಮಹಾ ತ್ರಿಕೋನಮಾಪನವನ್ನು ಆರಂಭಿಸಿದ. ಅವನ ಗುರಿ ಬೇರೆ, ಗಡಿಗಳ ಗೊಡವೆ ಅವನಿಗೆ ಇರಲಿಲ್ಲ. ಆದರೆ ಆಮೇಲಿನ ನಕ್ಷೆಗಳೆಲ್ಲ ಅವನ ಅಳತೆಯ ಮೇಲೆ ನಿಂತವು.

ಕುಂದಾಪುರದವರು (ಉತ್ತರ)

ಚರ್ಚೆ ಬಯಲುಸೀಮೆಯಲ್ಲೇ ಸುತ್ತುತ್ತಿರುವುದರಿಂದ ಕರಾವಳಿಯ ಒಂದು ಉದಾಹರಣೆಯನ್ನು ಕೊಡುತ್ತೇನೆ. ಒಪ್ಪಂದವೂ ಯುದ್ಧವೂ ಇಲ್ಲದೆ, ವ್ಯಾಪಾರದ ಒತ್ತಾಯಕ್ಕೆ ಗಡಿ ಹುಟ್ಟಿದ ಸಂಗತಿ ಇದು.

1799ರಲ್ಲಿ ಕಂಪನಿ ತೆಗೆದುಕೊಂಡ ಕನ್ನಡ ಜಿಲ್ಲೆ ಕಾರವಾರದಿಂದ ಕಾಸರಗೋಡಿನವರೆಗೆ ಒಂದೇ ಕಲೆಕ್ಟರಿಯಾಗಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕು, ಹತ್ತಿ ಬೆಳೆಯುವ ನೆಲವೂ ಬಂದರೂ ಒಂದೇ ಪ್ರಾಂತ್ಯದಲ್ಲಿದ್ದರೆ ರಸ್ತೆ ಮಾಡಲು ಸುಲಭ ಎಂಬ ವಾದ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳ ಕಡೆಯಿಂದ ಬಲವಾಗಿ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು, ನಮ್ಮ ಕುಂದಾಪುರ ಮಾತ್ರ ಮದ್ರಾಸಿನಲ್ಲಿ ಉಳಿಯಿತು. ಆ ವರ್ಷದ ಹಿಂದಿನ ನಕ್ಷೆಯಲ್ಲಿ ಭಟ್ಕಳಕ್ಕೂ ಬೈಂದೂರಿಗೂ ನಡುವೆ ಎಲ್ಲೆಯೇ ಇಲ್ಲ, ಮುಂದಿನ ನಕ್ಷೆಯಲ್ಲಿ ಎರಡು ಪ್ರಾಂತ್ಯಗಳ ಎಲ್ಲೆ ಅಲ್ಲೇ ಹಾದುಹೋಗುತ್ತದೆ. ಎರಡೂ ಕಡೆಯ ಜನರ ಮಾತು, ನೆಂಟಸ್ತಿಕೆ, ದೇವಸ್ಥಾನ ಎಲ್ಲವೂ ಮೊದಲಿನಂತೆಯೇ ಇದ್ದವು. ಆದರೆ ಕೋರ್ಟಿನ ಮೇಲ್ಮನವಿ ಒಬ್ಬರಿಗೆ ಬೊಂಬಾಯಿಗೆ, ಇನ್ನೊಬ್ಬರಿಗೆ ಮದ್ರಾಸಿಗೆ.

ಘಟ್ಟದ ಬುಡದಲ್ಲಿ ಇನ್ನೊಂದು ಬದಲಾವಣೆ ಅದಕ್ಕೂ ಹಿಂದೆ ಆಗಿತ್ತು. 1834ರಲ್ಲಿ ಕೊಡಗನ್ನು ಕಂಪನಿ ವಶಪಡಿಸಿಕೊಂಡಾಗ, ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು (ಹಳ್ಳಿಗಳ ಗುಂಪುಗಳನ್ನು) ಕನ್ನಡ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಹಣದಲ್ಲಿ ಕೊಡಬೇಕಾಗಿ ಬಂತು. 1837ರ ಅಮರಸುಳ್ಯ ಬಂಡಾಯಕ್ಕೆ, ನಮ್ಮ ಕಡೆ ಕಲ್ಯಾಣಪ್ಪನ ಕಾಟುಕಾಯಿ ಎಂದು ಕರೆಯುವ ಆ ದಂಗೆಗೆ, ಇದೊಂದು ಮುಖ್ಯ ಕಾರಣ. ನಕ್ಷೆಯಲ್ಲಿ ಬೆರಳಗಲದ ನೆಲ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ಹೋಯಿತು. ಅದಕ್ಕಾಗಿ ಜನ ಮಂಗಳೂರಿನವರೆಗೆ ದಂಡು ಕಟ್ಟಿಕೊಂಡು ಬಂದರು, ಗಲ್ಲಿಗೇರಿದರು.

ನಿಡುಗಲ್ಲು (ಮರುಪ್ರಶ್ನೆ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಂದುಕಲ್ಲು ಸರ್, ಬಣ್ಣದ ಬಗ್ಗೆ ನೀವು ಹೇಳಿದ ಮೇಲೆ ನನ್ನಲ್ಲಿರುವ ನಕ್ಷೆಗಳನ್ನು ಮತ್ತೊಮ್ಮೆ ಹೋಲಿಸಿ ನೋಡಬೇಕಾಗಿದೆ.

ಒಂದು ಸಂದೇಹ ಉಳಿದಿದೆ. 1799ರಲ್ಲಿ ಪಟ್ಟಿಯನ್ನು ನೋಡಿ ಹಂಚಿದರು, ಆಗ ಅಳತೆಯ ನಕ್ಷೆಯೇ ಇರಲಿಲ್ಲ ಎನ್ನೋಣ. 1956ರ ಹೊತ್ತಿಗೆ ಉತ್ತಮವಾದ ನಕ್ಷೆಗಳಿದ್ದವು, ಜನಗಣತಿಯ ಭಾಷಾ ಅಂಕಿ ಅಂಶಗಳಿದ್ದವು. ಆಗಲಾದರೂ ನಕ್ಷೆಯನ್ನು ಮುಂದಿಟ್ಟುಕೊಂಡು ಗಡಿಯನ್ನು ಹೊಸದಾಗಿ ನಿರ್ಧರಿಸಬಹುದಾಗಿತ್ತಲ್ಲವೇ?

ಹಳೆದಫ್ತರು (ಉತ್ತರ)

ರಾಜ್ಯ ಪುನರ್ವಿಂಗಡಣೆ ಕಾಯಿದೆಯನ್ನು ಒಮ್ಮೆ ತೆಗೆದು ನೋಡಿ. ಹೊಸ ಮೈಸೂರು ರಾಜ್ಯದಲ್ಲಿ ಏನೇನು ಸೇರುತ್ತದೆ ಎಂದು ಅಲ್ಲಿ ಹೇಳಿರುವುದು ಪಟ್ಟಿಯ ರೂಪದಲ್ಲಿಯೇ. ಆಗ ಇದ್ದ ಮೈಸೂರು ರಾಜ್ಯ, ಬೊಂಬಾಯಿಯಿಂದ ಬಿಜಾಪುರ, ಧಾರವಾಡ, ಕೆನರಾ (ಉತ್ತರ ಕನ್ನಡ) ಜಿಲ್ಲೆಗಳು ಮತ್ತು ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ ಜಿಲ್ಲೆ, ಹೈದರಾಬಾದಿನಿಂದ ಕೊಡಂಗಲ್ ಮತ್ತು ತಾಂಡೂರು ಬಿಟ್ಟು ಗುಲ್ಬರ್ಗ, ಆಲಂಪುರ ಮತ್ತು ಗದ್ವಾಲ ಬಿಟ್ಟು ರಾಯಚೂರು, ಬೀದರ್ ಜಿಲ್ಲೆಯ ಒಂದು ಭಾಗ, ಮದ್ರಾಸಿನಿಂದ ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದೀವಿ ದ್ವೀಪಗಳನ್ನು ಬಿಟ್ಟು ದಕ್ಷಿಣ ಕನ್ನಡ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು, ಮತ್ತು ಕೊಡಗು. 1799ರಂತೆ ಇಲ್ಲಿಯೂ ತಾಲ್ಲೂಕಿನ ಹೆಸರುಗಳೇ. ಎದುರಿಗೆ ವರಹದ ಮೊತ್ತ ಮಾತ್ರ ಇಲ್ಲ.

ಇದಕ್ಕೆ ಕಾರಣವೂ ಇದೆ. ಕಂದಾಯದ ದಾಖಲೆ, ಪೊಲೀಸ್ ಠಾಣೆ, ಮುನ್ಸೀಫ್ ಕೋರ್ಟು, ಖಜಾನೆ ಎಲ್ಲವೂ ಜಿಲ್ಲೆ ಮತ್ತು ತಾಲ್ಲೂಕಿಗೆ ಹೊಂದಿಕೊಂಡು ಬೆಳೆದಿದ್ದವು. ಕೆಲವೇ ತಿಂಗಳಲ್ಲಿ ಆಡಳಿತವನ್ನು ಹಸ್ತಾಂತರಿಸಬೇಕಾದರೆ ಅವುಗಳನ್ನು ಒಡೆಯದೆ ಹಾಗೆಯೇ ಎತ್ತಿಕೊಡುವುದು ಸುಲಭ. 1953ರಲ್ಲಿ ಆಂಧ್ರ ರಾಜ್ಯ ಆದಾಗಲೂ ಬಳ್ಳಾರಿ ಜಿಲ್ಲೆಯನ್ನು ತಾಲ್ಲೂಕುಗಳಾಗಿಯೇ ಹಂಚಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ಮಾತ್ರ ನ್ಯಾಯಮೂರ್ತಿ ಮಿಶ್ರಾ ಅವರಿಂದ ಪ್ರತ್ಯೇಕ ವಿಚಾರಣೆ ನಡೆದು ಅದು ಮೈಸೂರಿಗೆ ಬಂತು. ಹಳ್ಳಿಯನ್ನು ಘಟಕವಾಗಿ ಇಟ್ಟುಕೊಳ್ಳಬೇಕೋ, ತಾಲ್ಲೂಕನ್ನೋ ಎಂಬ ಪ್ರಶ್ನೆಯೇ ಆಮೇಲಿನ ಗಡಿ ವಿವಾದಗಳ ತಿರುಳು. 1967ರ ಮಹಾಜನ ಆಯೋಗದ ವರದಿ ಬೆಳಗಾವಿ ಕಡೆ ಹಳ್ಳಿಗಳ ಮಟ್ಟಕ್ಕೆ ಇಳಿದು ಶಿಫಾರಸು ಮಾಡಿತು, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಅದು ಜಾರಿಗೆ ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ.

ಹೀಗೆ ನೋಡಿದರೆ 1956 ಕನ್ನಡಿಗರಿಗೆ ಕೊಟ್ಟದ್ದು ಬಹಳ ದೊಡ್ಡದು. ಮುಂಬೈ ಕರ್ನಾಟಕದ ಹಳೆಯ ನಕ್ಷೆಯಲ್ಲಿ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಶಿರಹಟ್ಟಿ ಮತ್ತು ತೇರದಾಳ ಸಾಂಗಲಿಯದ್ದು, ನಡುವೆ ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗ ಎಂದು ತೇಪೆ ಹಾಕಿದ ಕೌದಿಯಂತೆ ಕಾಣುತ್ತದೆ. ಅದೆಲ್ಲ ಹೋಗಿ ಒಂದು ರಾಜ್ಯವಾದದ್ದು ಎಷ್ಟೋ ಜನರ ದಶಕಗಳ ದುಡಿಮೆಯ ಫಲ. ಆದರೆ ಹೊರ ಅಂಚಿನಲ್ಲಿ ಪಾವಗಡ, ಮಡಕಶಿರಾ, ಹೊಸೂರು, ತಾಳವಾಡಿಗಳ ಕಡೆ 1799ರ ಪಟ್ಟಿ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಬಾಂದುಕಲ್ಲು (ಉತ್ತರ)

ನಿಡುಗಲ್ಲು ಅವರಿಗೆ ಒಂದು ಸಲಹೆ. ನಿಮ್ಮ ಕಡೆಯ ಗಡಿ ಹಳ್ಳಿಗಳಲ್ಲಿ ಒಂದೆರಡರ ಗ್ರಾಮನಕ್ಷೆ ಮತ್ತು ಹಳೆಯ ಟಿಪ್ಪಣಿ ಪುಸ್ತಕದ (ಹೊಲಗಳ ಅಳತೆ ಬರೆದ ಸರ್ವೆ ಪುಸ್ತಕದ) ನಕಲನ್ನು ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಿರಿ. ಮೈಸೂರಿನಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಮದ್ರಾಸ್ ಕಡೆಯ ಸರ್ವೆ ಬೇರೆ ಪದ್ಧತಿಯದು. ಹೀಗಾಗಿ ಗಡಿಯ ಎರಡೂ ಬದಿಯ ಪಕ್ಕದ ಹೊಲಗಳನ್ನು ಎರಡು ಬೇರೆ ಇಲಾಖೆಗಳು ಬೇರೆ ಬೇರೆ ವರ್ಷಗಳಲ್ಲಿ ಅಳೆದಿರುತ್ತವೆ. ಅನಂತಪುರ ಕಡೆಯ ಪಕ್ಕದ ಹಳ್ಳಿಯ ನಕ್ಷೆಯೂ ಸಿಕ್ಕರೆ ಎರಡನ್ನೂ ಒಂದೇ ಪ್ರಮಾಣಕ್ಕೆ ತಂದು ಅಂಚಿಗೆ ಅಂಚು ಇಟ್ಟು ನೋಡಿ. ಮೂರು ಹಳ್ಳಿಗಳ ಎಲ್ಲೆ ಕೂಡುವ ಕಲ್ಲುಗಳನ್ನು ಮೊದಲು ಹೊಂದಿಸಿಕೊಳ್ಳಿ, ಮಿಕ್ಕ ಗೆರೆ ತಾನಾಗಿ ಕೂಡಿಕೊಳ್ಳುತ್ತದೆ. ಎಲ್ಲಿ ಕೂಡಿಕೊಳ್ಳುವುದಿಲ್ಲವೋ ಆ ಜಾಗವನ್ನು ಗುರುತು ಮಾಡಿ ಇಲ್ಲಿ ಹಾಕಿ. ಹಳೆದಫ್ತರು ಅವರಿಗೆ ಆ ಹಳ್ಳಿಯ ಹೆಸರು ಸಿಕ್ಕರೆ ಕೈಫಿಯತ್ತಿನಲ್ಲಿ ಹುಡುಕಲು ಅನುಕೂಲವಾಗುತ್ತದೆ.